ಮಿಸ್ಟೇಕು ಯಾರ ಮನೆಯ ಸೊಸೆ

ಮದುವೆಯಾಗಿ ಹದಿನಾಲ್ಕು ವರ್ಷ ಕಳೆದ ಮೇಲೆ ಹೆಂಡತಿಯ ವಿಷಯದಲ್ಲಿ ಹೊಸದಾಗಿ ತಿಳಿಯಬೇಕಾದ್ದೇನೂ ಉಳಿದಿಲ್ಲ ಎಂದು ನಂಬಿಕೊಂಡಿರುವುದು ಗಂಡಸರಿಗೆ ದೇವರು ಕೊಟ್ಟ ಸಣ್ಣ ಸುಖಗಳಲ್ಲೊಂದು. ನಾನು ಆ ಸುಖವನ್ನು ಬಹಳ ಕಾಲ ಅನುಭವಿಸಿದವನು. ಅದನ್ನು ಕೊನೆತನಕ ಕಾಪಾಡಿಕೊಳ್ಳಬೇಕೆನ್ನುವ ಮಹನೀಯರು ಒಂದೇ ಒಂದು ವ್ರತ ಹಿಡಿದರೆ ಸಾಕು: ಹೆಂಡತಿ ತವರಿನಿಂದ ತಂದ ಟ್ರಂಕಿನ ತಳಕ್ಕೆ ಕೈ ಹಾಕಬಾರದು. ನಾನು ಹಾಕಿದೆ. ಹಾಕಿದ್ದು ಅವಳ ಅಪ್ಪಣೆಯ ಮೇರೆಗೇ. ಆದರೂ ಅಲ್ಲಿ ಸಿಕ್ಕ ಮಡಿಸಿದ ಕಾಗದವೊಂದು ನನಗೆ ಕೊಟ್ಟ ಆಘಾತ ಎಂಥದೆಂದರೆ, ಹಳೆಯ ಸೀರೆಗಳ ನುಸಿಗುಳಿಗೆಯ ವಾಸನೆಯಲ್ಲಿ ಹತ್ತು ನಿಮಿಷ ಕುಕ್ಕರಗಾಲಲ್ಲಿ ಹಾಗೇ ಕೂತಿದ್ದೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಹತ್ತೊಂಬತ್ತು ವರ್ಷದ ಸರ್ವೀಸು. ನನ್ನ ಹೆಂಡತಿ ಮಂಗಳ ರಾಮಗಿರಿಯವಳು, ಹೊಲಿಗೆಯಲ್ಲಿ ನಿಸ್ಸೀಮಳು. ಊರಿನ ಅರ್ಧದಷ್ಟು ಹೆಂಗಸರ ರವಿಕೆಯ ಅಳತೆ ಅವಳ ಬಾಯಲ್ಲೇ ಇತ್ತು. ಆ ವರ್ಷ ನಮ್ಮೂರಲ್ಲಿ ಹೆಣ್ಣುಮಕ್ಕಳಿಗೊಂದು ಹೊಲಿಗೆ ತರಬೇತಿ ಕೇಂದ್ರ ಶುರುವಾಯಿತು. ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಕರೆದರು. ಹೊಲಿಗೆ ಬರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಮಂಗಳ ಕತ್ತರಿಯಿಂದ ಕಣ್ಣು ತೆಗೆಯದೆ, "ಮಾರ್ಕ್ಸ್ ಕಾರ್ಡು ಟ್ರಂಕಿನಾಗೈತೆ, ನೀವೇ ತಗಳ್ರಿ" ಎಂದಳು. ತೆಗೆದೆ. ಎಲ್ಲ ವಿಷಯದ ಮುಂದೆಯೂ ಗೌರವಾನ್ವಿತ ಅಂಕಗಳಿದ್ದವು. ಇಂಗ್ಲಿಷಿನ ಮುಂದೆ ಇಪ್ಪತ್ತೇಳು ಎಂದಿತ್ತು. ಅದರ ಕೆಳಗೆ ಕೆಂಪು ಗೆರೆ.

"ಇದೇನಿದು?" ಎಂದೆ.

"ಇಂಗ್ಲಿಷ್ ಹೋಗೈತೆ" ಎಂದಳು, ಕರೆಂಟು ಹೋಗೈತೆ ಅನ್ನುವಷ್ಟು ನಿರಾಳವಾಗಿ.

"ಮದುವೆ ಮಾತಿನಲ್ಲಿ ನಿಮ್ಮಪ್ಪ ಎಸ್ಸೆಸ್ಸೆಲ್ಸಿ ಅಂದಿದ್ದರಲ್ಲ?"

"ಓದಿದಾಳೆ ಅಂದ್ರು. ಓದಿದ್ನಲ್ಲ? ಪಾಸಾಗಿದಾಳಾ ಅಂತ ನಿಮ್ಮ ಕಡೇರು ಯಾರಾದ್ರೂ ಕೇಳಿದ್ರಾ? ಕುಲ ಬೆಡಗು ಯಾವುದು ಅಂದ್ರು, ಹೇಳಿದ್ವಿ. ಹೊಲಿಗೆ ಬರ್ತತಾ ಅಂದ್ರು, ಹೊಲಿದು ತೋರಿಸಿದ್ನಿ."

ಹತ್ತೊಂಬತ್ತು ವರ್ಷದಿಂದ ತಾಲ್ಲೂಕಿಗೆಲ್ಲ ಇಂಗ್ಲಿಷ್ ದಾನ ಮಾಡುತ್ತಿದ್ದ ನಾನು ಹದಿನಾಲ್ಕು ವರ್ಷದಿಂದ ಇಂಗ್ಲಿಷ್ ಹೋದವಳ ಕೈಯ ಮುದ್ದೆ ಉಂಡಿದ್ದೆ, ಸಾರಿನಲ್ಲಿ ಏನೂ ವ್ಯತ್ಯಾಸ ಗೊತ್ತಾಗಿರಲಿಲ್ಲ. ಕೇಂದ್ರದ ಅಧ್ಯಕ್ಷೆ ಒಳ್ಳೆಯ ಹೆಂಗಸು. "ಮರುಪರೀಕ್ಷೆ ಬರೀರಿ ಮಂಗಳಕ್ಕ, ಫಲಿತಾಂಶ ಬರೋ ತನಕ ಜಾಗ ಹಿಡಿದಿಟ್ಟಿರ್ತೀನಿ. ಆಮೇಲೆ ನನ್ನ ಕೈಲಿಲ್ಲ" ಎಂದರು. ಆ ಜಾಗಕ್ಕೆ ಇನ್ನೊಬ್ಬ ಅಭ್ಯರ್ಥಿ ಆಗಲೇ ತುದಿಗಾಲಲ್ಲಿ ನಿಂತಿದ್ದಳು. ಆಕೆ ಎಸ್ಸೆಸ್ಸೆಲ್ಸಿ ಪಾಸು, ಅದೂ ಫಸ್ಟ್ ಕ್ಲಾಸು. ಆದರೆ ಆಕೆ ಹೊಲಿದ ರವಿಕೆ ತೊಟ್ಟವರು ಕೈಯೆತ್ತಿ ಆರತಿ ಬೆಳಗುವಂತಿರಲಿಲ್ಲ. ಹೊಳಲ್ಕೆರೆಯ ಹೆಂಗಸರ ತೋಳುಗಳ ಭವಿಷ್ಯ ಹೀಗೆ ಇಂಗ್ಲಿಷಿನ ಎಂಟು ಅಂಕಗಳ ಮೇಲೆ ನಿಂತಿತು.

ನಾನು ಗಾಬರಿಯಾಗಲಿಲ್ಲ. ನನ್ನಲ್ಲೊಂದು ಸೂತ್ರವಿತ್ತು. ಅದರ ವಿಚಾರ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಯಾಕೆಂದರೆ ಮುಂದಿನ ಅನಾಹುತಗಳೆಲ್ಲ ಅದರ ಸಂತಾನ. ಇಂಗ್ಲಿಷಿನಲ್ಲಿ ಐದಾರು ಕ್ರಿಯಾಪದಗಳಿವೆ: ಮೇಕ್, ಡೂ, ಟೇಕ್, ಹ್ಯಾವ್, ಗಿವ್. ನೋಡಲು ಸಾಧುಗಳು, ಒಂದನೇ ಪಾಠದಲ್ಲೇ ಬರುವಂಥವು. ಆದರೆ ಯಾವ ನಾಮಪದದ ಪಕ್ಕ ಯಾವುದನ್ನು ಕೂರಿಸಬೇಕು ಎಂಬಲ್ಲಿ ನಮ್ಮ ಹುಡುಗರು ಎಡವುತ್ತಿದ್ದರು. ಹಳೆಗಾಲದವನಾದ ನನಗೆ ನಿಯಮವಿಲ್ಲದ ವಸ್ತು ಜಗತ್ತಿನಲ್ಲಿ ಇರಬಹುದೆಂಬ ನಂಬಿಕೆಯೇ ಇರಲಿಲ್ಲ. ಬ್ರಿಟಿಷರು ಇಷ್ಟು ದೊಡ್ಡ ಸಾಮ್ರಾಜ್ಯ ಆಳಿದವರು, ಒಂದು ನಿಯಮ ಮಾಡದೆ ಇದ್ದಾರೆಯೇ? ಎಲ್ಲೋ ಬರೆದಿಡಲು ಮರೆತಿರಬೇಕು. ಆ ಲೋಪವನ್ನು ನಾನೇ ತುಂಬಿದೆ. "ಕೈಯಿಂದ ಆಗುವುದಕ್ಕೆ ಮೇಕ್, ಮೈಯಿಂದ ಆಗುವುದಕ್ಕೆ ಡೂ, ಹೊರಗಿಂದ ಬರುವುದಕ್ಕೆ ಟೇಕ್, ಒಳಗೇ ಇರುವುದಕ್ಕೆ ಹ್ಯಾವ್." ಇದನ್ನು ಮಗ್ಗಿಯಂತೆ ರಾಗವಾಗಿ ಹೇಳಿಸುತ್ತಿದ್ದೆ. ತಲೆನೋವು ಒಳಗಿರುತ್ತದೆ, ಆದ್ದರಿಂದ ಹ್ಯಾವ್. ಸ್ನಾನದ ನೀರು ಹೊರಗಿಂದ ಬರುತ್ತದೆ, ಆದ್ದರಿಂದ ಟೇಕ್. ಹೋಮ್‌ವರ್ಕನ್ನು ಕೈಯಿಂದ ಬರೆಯುತ್ತೇವೆ, ಆದ್ದರಿಂದ ಮೇಕ್ ಹೋಮ್‌ವರ್ಕ್. ತಪ್ಪು ಇಡೀ ಮೈಯಿಂದ ಆಗುತ್ತದೆ, ಆದ್ದರಿಂದ ಡೂ ಎ ಮಿಸ್ಟೇಕ್. ಪೂರ್ತಿ ತಪ್ಪಾದ ಸೂತ್ರ ಒಂದು ವರ್ಷವೂ ಬದುಕುವುದಿಲ್ಲ. ಅರ್ಧ ಸರಿಯಾದದ್ದಕ್ಕೆ ಸಾವಿಲ್ಲ. ನನ್ನದು ಹತ್ತೊಂಬತ್ತು ವರ್ಷ ಬದುಕಿತು.

ಮಂಗಳಳಿಗೂ ಅದನ್ನೇ ದಯಪಾಲಿಸಿದೆ. ಅವಳು ಹೊಲಿಗೆ ಯಂತ್ರ ತುಳಿಯುತ್ತ, ತುಳಿತದ ಲಯಕ್ಕೆ ಸರಿಯಾಗಿ ಕೈಯಿಂದ ಮೇಕ್, ಮೈಯಿಂದ ಡೂ ಎಂದು ಉರುಹೊಡೆಯುತ್ತಿದ್ದಳು. ನಡುನಡುವೆ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಗೈಡು ತೆರೆದು, "ಇದರಾಗೆ ಬ್ಯಾರೆ ಐತಲ್ರಿ?" ಎನ್ನುವಳು. "ಗೈಡಿನವರಿಗೆ ಅಚ್ಚಿನ ತಪ್ಪು ಸಹಜ" ಎಂದು ನಾನು ಕ್ಷಮಿಸುವೆ.

ಪರೀಕ್ಷೆಗೆ ಒಂದು ತಿಂಗಳಿದೆ ಎನ್ನುವಾಗ ಇಂಗ್ಲಿಷ್ ಮೇಷ್ಟ್ರುಗಳಿಗೆಲ್ಲ ಚಿತ್ರದುರ್ಗದಲ್ಲಿ ಹತ್ತು ದಿನದ ತರಬೇತಿ ಬಂತು. ಕೋಟೆಯ ಬಂಡೆ ಹಗಲೆಲ್ಲ ಕಾದು ಆ ಕಾವನ್ನು ಸಂಜೆ ನಮ್ಮ ಮೇಲೆ ಬಿಡುತ್ತಿತ್ತು. ತರಬೇತಿ ಕೊಡಲು ಬಂದಾಕೆ ಮೂವತ್ತರ ಒಳಗಿನ ಹುಡುಗಿ, ಮೆತ್ತನೆಯ ಮಾತು. ನಾಲ್ಕನೆಯ ದಿನ ಈ ಮೇಕ್ ಡೂಗಳ ಪ್ರಸ್ತಾಪ ಬಂದಾಗ ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನನ್ನ ಸೂತ್ರವನ್ನು ಉದಾಹರಣೆಗಳ ಸಮೇತ ಸಭೆಗೆ ಸಮರ್ಪಿಸಿದೆ. ಪಕ್ಕದಲ್ಲಿದ್ದ ಹಿರಿಯೂರಿನ ಮೇಷ್ಟ್ರೊಬ್ಬರು ಬರೆದುಕೊಂಡರು. ಆ ಹುಡುಗಿ ಪೂರ್ತಿ ಕೇಳಿ, ಕನ್ನಡದಲ್ಲೇ ಹೇಳಿದಳು: "ಸಾರ್, ಹೋಮ್‌ವರ್ಕಿಗೆ ಡೂ. ಮಿಸ್ಟೇಕಿಗೆ ಮೇಕ್. ನಾಯ್ಸಿಗೂ ಮೇಕೇ ಸಾರ್."

"ಯಾಕಮ್ಮ?"

"ಯಾಕೆ ಅಂತ ಇಲ್ಲ ಸಾರ್. ಅವರು ಹಂಗೇ ಅಂತಾರೆ, ಅಷ್ಟೆ."

ಕೋಟೆಯ ಬಂಡೆಯೊಂದು ಉರುಳಿ ಬಂದು ನನ್ನ ಪಕ್ಕದಲ್ಲಿ ಕೂತಿದ್ದರೂ ನನಗೆ ಅಷ್ಟು ಆಘಾತವಾಗುತ್ತಿರಲಿಲ್ಲ. ಬಂಡೆ ಉರುಳುವುದಕ್ಕೊಂದು ನಿಯಮವಾದರೂ ಇದೆ. ಹಿರಿಯೂರಿನ ಮೇಷ್ಟ್ರು ಬರೆದುಕೊಂಡದ್ದನ್ನು ನಿಧಾನವಾಗಿ ಹೊಡೆದುಹಾಕಿದರು. ಆಕೆ ಜೋಡಿಪದಗಳ ಪಟ್ಟಿಯೊಂದನ್ನು ಎಲ್ಲರಿಗೂ ಹಂಚಿದಳು. ಇಂಗ್ಲಿಷಿನವರು ನೆಗಡಿಯನ್ನು ಓಡಿಹೋಗಿ ಹಿಡಿಯುತ್ತಾರಂತೆ, ಕ್ಯಾಚ್ ಎ ಕೋಲ್ಡ್. ನಮಗೆ ಅದು ತಾನಾಗಿ ಬರುತ್ತದೆ, ಬಂದರೆ ಒಂದು ವಾರ ಹೋಗುವುದಿಲ್ಲ. ಹಿಡಿಯುವಷ್ಟು ಬರಗಾಲ ನಮಗೆಂದೂ ಬಂದಿಲ್ಲ. ಬಡಗಿ ಮಾಡಿ ಮುಗಿಸಿದ ಮಂಚವನ್ನು ಅವರು ದಿನಾ ಬೆಳಿಗ್ಗೆ ಎದ್ದು ಮತ್ತೆ ಮೇಕ್ ಮಾಡುತ್ತಾರೆ. ನೆಂಟರ ಮನೆಗೆ ಹೋದರೆ ಆ ಭೇಟಿಯನ್ನು ಪೇ ಮಾಡುತ್ತಾರೆ. ನಮ್ಮಲ್ಲಿ ಹೋದವರಿಗೇ ಬಾಳೆಹಣ್ಣು ಕೊಟ್ಟು ಕಳಿಸುತ್ತಾರೆ. ಇಂಥ ಜನ ನಮ್ಮನ್ನು ಆಳಿದ್ದು ಹೇಗೆ ಎಂಬುದು ಇತಿಹಾಸದ ಮೇಷ್ಟ್ರುಗಳು ಉತ್ತರಿಸಬೇಕಾದ ಪ್ರಶ್ನೆ.

ತರಬೇತಿ ಮುಗಿಸಿ ವಾಪಸು ಬರುವಾಗ ಬಸ್ಸಿನ ಕಂಡಕ್ಟರು ನನ್ನ ಹಳೆಯ ಶಿಷ್ಯ. "ನಮಸ್ಕಾರ ಸಾರ್. ಮುಂದ್ಲ ಸೀಟು ಟೇಕ್ ಮಾಡ್ರಿ" ಎಂದ. ಹೊರಗಿಂದ ಬರುವುದಕ್ಕೆ ಟೇಕ್. ಸೂತ್ರವನ್ನು ಮರೆತಿರಲಿಲ್ಲ ಮಹಾನುಭಾವ. ಅದಕ್ಕೊಂದು ಕನ್ನಡದ ಮಾಡು ಸೇರಿಸಿ ಭದ್ರವನ್ನೂ ಮಾಡಿಕೊಂಡಿದ್ದ. ನಮ್ಮ ಮಾಡು ಬಹಳ ಉದಾರಿ. ಅಡ್ಜಸ್ಟು, ಜಾಯಿನು, ರಿಪೇರಿ, ಯಾರೇ ಬರಲಿ ಹೆಗಲು ಕೊಡುತ್ತದೆ. ಅಲ್ಲಿ ಕೂತು ಯೋಚಿಸುತ್ತಿದ್ದಂತೆ ಇನ್ನೊಂದು ಭಯ ಹುಟ್ಟಿತು. ಅಂದು ಬೆಳಿಗ್ಗೆ ನಾನು ಗಡ್ಡ ಮಾಡಿಕೊಂಡಿದ್ದೆ. ಅಂದರೆ ಮುಖದ ಮೇಲಿದ್ದ ಗಡ್ಡವನ್ನು ಪೂರ್ತಿ ಇಲ್ಲವಾಗಿಸಿದ್ದೆ. ಇದಕ್ಕೆ ಕನ್ನಡದಲ್ಲಿ ಗಡ್ಡ ಮಾಡುವುದು ಎನ್ನುತ್ತಾರೆ. ಐವತ್ತರ ಹತ್ತಿರ ಬಂದ ನಾನು ಇದನ್ನು ಒಮ್ಮೆಯೂ ಪ್ರಶ್ನಿಸಿರಲಿಲ್ಲ. ಹೊಳಲ್ಕೆರೆ ಬರುವ ಹೊತ್ತಿಗೆ ನನಗೆ ಯಾವ ಭಾಷೆಯ ಮೇಲೂ ವಿಶ್ವಾಸ ಉಳಿದಿರಲಿಲ್ಲ.

ಮನೆಯಲ್ಲಿ ತಕ್ಷಣ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಇಲ್ಲಿ ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು: ಎರಡು ದಿನ ಸುಮ್ಮನಿದ್ದೆ. ಮಂಗಳ ಯಂತ್ರ ತುಳಿಯುತ್ತ ಮೈಯಿಂದ ಡೂ ಎನ್ನುತ್ತಿದ್ದರೆ ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಮೂರನೆಯ ದಿನ ಅವಳು ಗೈಡು ಹಿಡಿದು ಬಂದು, "ಈ ಗೈಡಿನೋರು ಇಪ್ಪತ್ತು ಕಡೆ ಅಚ್ಚಿನ ತಪ್ಪು ಮಾಡವ್ರೆ. ಇಪ್ಪತ್ತೂ ಒಂದೇ ಥರ ತಪ್ಪು ಹೆಂಗಾಗ್ತತ್ರಿ?" ಎಂದಾಗ ಬೇರೆ ದಾರಿಯಿರಲಿಲ್ಲ. ಹೇಳಿದೆ. ಅವಳು ಗೈಡು ಮುಚ್ಚಿದಳು.

"ರಾಮಗಿರಿ ಮೇಷ್ಟ್ರು ಸರಿಯಾಗೇ ಹೇಳ್ಕೊಟ್ಟಿದ್ರು. ನಾನು ಮರ್ತೆ, ಫೇಲಾದೆ. ನೀವು ಮರೀಲಾರದಂಗೆ ತಪ್ಪು ಹೇಳ್ಕೊಟ್ರಿ. ಈಗ ಹೆಂಗ್ರಿ ಮರೀಲಿ?"

ಆಮೇಲೆ ಯಂತ್ರದ ಕಡೆ ತಿರುಗಿಕೊಂಡು, ಇನ್ನೂ ಮೆಲ್ಲಗೆ ಹೇಳಿದಳು: "ಊರೆಲ್ಲ ನನ್ನನ್ನ ಇಂಗ್ಲಿಷ್ ಮೇಷ್ಟ್ರ ಹೆಂಡ್ತಿ ಅಂತಾರೆ. ಒಂದ್ಸಲ ಹೊಲಿಗೆ ಮೇಡಂ ಅನ್ನಿಸ್ಕಬೇಕು ಅಂತಿತ್ತು."

ಅವಳು ಬೈದಿದ್ದರೆ ಚೆನ್ನಾಗಿತ್ತು. ನಾನು ಚಿತ್ರದುರ್ಗದ ಪಟ್ಟಿ ತೆಗೆದು ಗಟ್ಟಿಯಾಗಿ ಓದತೊಡಗಿದೆ. ಅವಳು ಹಿಂದೆ ಹಿಂದೆ ಹೇಳತೊಡಗಿದಳು. ಆದರೆ ಹತ್ತು ಜೋಡಿ ದಾಟುವಷ್ಟರಲ್ಲಿ ಮೊದಲಿನ ಎರಡು ಜಾರಿ, ಅಲ್ಲಿ ನನ್ನ ಸೂತ್ರ ಬಂದು ಕೂರುತ್ತಿತ್ತು. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಮೂಲೆಯಿಂದ ಅವ್ವ ಬಾಯಿ ತೆರೆದಳು.

ಅವ್ವ ಎಂದರೆ ನನ್ನ ತಾಯಿ, ಗೌರವ್ವ. ಹೆಬ್ಬೆಟ್ಟಿನವಳು. ಆದರೆ ಸುತ್ತ ಹತ್ತು ಹಳ್ಳಿಗೆ ಆಕೆಯದೇ ಹೈಕೋರ್ಟು. ನಮ್ಮ ಕಡೆ ಕುಲದೊಳಗೆ ಬೆಡಗುಗಳಿವೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರಲ್ಲಿ ಹೆಣ್ಣು ಕೊಟ್ಟು ತರುವಂತಿಲ್ಲ. ಕೆಲವು ಬೇರೆ ಬೆಡಗುಗಳೂ ಯಾವುದೋ ಕಾಲದ ಯಾವುದೋ ಕಾರಣಕ್ಕೆ ಅಣ್ಣತಮ್ಮಂದಿರೇ. ಇನ್ನು ಕೆಲವು ನೆಂಟರು, ಅಲ್ಲಿ ಧಾರಾಳವಾಗಿ ನಡೆಯುತ್ತದೆ. ಸಂಬಂಧ ನೋಡುವ ಮುಂಚೆ ಜನ ನಮ್ಮ ಕಟ್ಟೆಗೆ ಬರುತ್ತಿದ್ದರು. "ಹುಡುಗಂದು ಹುತ್ತದೋರು, ಹುಡುಗೀದು ಬೆಳ್ಳಿಯೋರು. ಆಗ್ತತೇನಜ್ಜಿ?" ಅವ್ವ ಎಲೆಗೆ ಸುಣ್ಣ ಸವರುತ್ತ, "ಆಗಲ್ಲ" ಎಂದರೆ ಮುಗಿಯಿತು, ಬಂದವರು ಯಾಕೆ ಎಂದು ಕೇಳದೆ ಎದ್ದು ಹೋಗುತ್ತಿದ್ದರು. ವಿದ್ಯಾವಂತನಾದ ನಾನು ಈ ವ್ಯವಹಾರವನ್ನು ಮೂಢನಂಬಿಕೆಯ ಖಾತೆಗೆ ಸೇರಿಸಿ ದೂರವಿಟ್ಟಿದ್ದೆ.

"ಲೇ, ಆಗ್ಲಿಂದ ಅದೇನು ಹೆಸ್ರು ಓದ್ತಿದೀಯ? ಲಗ್ನದ ಮಾತಾ?" ಎಂದಳು.

"ಅಲ್ಲವ್ವ, ಇಂಗ್ಲಿಷು. ಯಾವುದಕ್ಕೆ ಯಾವುದು ಸೇರ್ತತೆ, ಯಾವುದು ಸೇರಲ್ಲ ಅಂತ."

"ಯಾಕೆ ಸೇರಲ್ಲ?"

"ಕಾರಣ ಇಲ್ಲವ್ವ. ಅವರು ಮೊದ್ಲಿಂದ ಹಂಗೇ ನಡೆಸ್ಕಂಡು ಬಂದವ್ರೆ."

ಅಡಿಕೆ ಕುಟ್ಟುತ್ತಿದ್ದ ಅವ್ವನ ಕೈ ನಿಂತಿತು. "ಬೆಡಗು ಅನ್ನು ಮತ್ತೆ. ಆಗ್ಲೇ ಹೇಳಬಾರದಾ? ಎಷ್ಟು ಮನೆ ಅವೆ?"

"ಐದಾರು."

"ಅಷ್ಟೇನಾ? ಮೊದ್ಲಿಂದ ಓದು. ಮೆತ್ತಗೆ ಓದು."

ಓದಿದೆ. ಒಂದೊಂದು ಪದಕ್ಕೂ ಅದರ ಕನ್ನಡ ಕೇಳಿ ತಿಳಿದುಕೊಂಡಳು. ಎರಡು ಸಲ ಓದಿಸಿ, ಎಲೆಯ ರಸ ಉಗಿದು ಬಂದು ಮಲಗಿದಳು. ಮರುದಿನ ಬೆಳಿಗ್ಗೆ ಮಂಗಳ ಮುದ್ದೆ ತಿರುವುತ್ತ ಡೂ ಎ ನಾಯ್ಸ್ ಎಂದಳು. "ಏನವ್ವ ಮಂಗಳ, ನಾಯ್ಸನ್ನ ಮೇಕ್ ಮನೆಗಲ್ವೇನೆ ಕೊಟ್ಟಿರೋದು? ಡೂ ಮನೆಯಾಗೆ ಅದಕ್ಕೇನು ಕೆಲಸ?" ಎಂದು ಕಟ್ಟೆಯ ಮೇಲಿಂದ ಅವ್ವನ ದನಿ ಬಂತು. ನಾನು ಪಟ್ಟಿ ತೆಗೆದು ಪರೀಕ್ಷಿಸಿದೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ನಡುವೆ ನಡುವೆ ಕೇಳಿದೆ. ಅಕ್ಷರ ಬಾರದ ನನ್ನ ತಾಯಿ ಎರಡೇ ಎರಡು ಕಡೆ ತಪ್ಪಿದಳು. ಅಂದು ಶಾಲೆಗೆ ರಜೆ ಹಾಕೋಣ ಅನ್ನಿಸಿತು.

ಅಲ್ಲಿಂದ ಪಾಠ ನನ್ನ ಕೈ ಬಿಟ್ಟುಹೋಯಿತು. ಅತ್ತೆ ಸೊಸೆ ಕೂತು ಇಂಗ್ಲಿಷನ್ನು ಬೀಗರ ಮನೆಯ ಸುದ್ದಿಯಂತೆ ಮಾತಾಡತೊಡಗಿದರು. "ಡೂ ಮನೆಯೋರು ಪಾಪ ಬಡವ್ರು ಕಣೆ. ಪಾತ್ರೆ ತೊಳೆಯೋದು, ಬಟ್ಟೆ ಒಗೆಯೋದು, ಹೋಮ್‌ವರ್ಕು, ಎಲ್ಲ ಗೇಯ್ಮೆ ಅವರ ತಲೆ ಮೇಲೇ ಬಿದ್ದೈತೆ. ಮೇಕ್ ಮನೆಯೋರು ಬರೀ ಗದ್ಲ. ನಾಯ್ಸು, ಮಿಸ್ಟೇಕು, ಪ್ರಾಮಿಸು, ಎಕ್ಸ್‌ಕ್ಯೂಸು. ಟೇಕ್ ಮನೆಯೋರು ಸುಖಪುರುಷರು, ಸೀಟು ಅವರಿಗೇ, ರೆಸ್ಟು ಅವರಿಗೇ." "ಗಿವ್ ಮನೆಯೋರು ಅತ್ತೆ?" "ಸ್ಪೀಚು, ಅಡ್ವೈಸು. ಮೇಷ್ಟ್ರುಗಳಿರಬೇಕು." ಸ್ನಾನದ ಬಾತ್ ಟೇಕ್ ಮನೆಗೂ ಹ್ಯಾವ್ ಮನೆಗೂ ನಡೆಯುತ್ತದೆ ಎಂದಾಗ ಅವ್ವ ಸ್ವಲ್ಪವೂ ಅಳುಕಲಿಲ್ಲ, "ಇರ್ತವೆ, ಎರಡು ಕಡೆ ಬಳಕೆ ಇರೋವು" ಎಂದಳು. ಬ್ರೇಕ್‌ಫಾಸ್ಟಿನಲ್ಲಿ ನಾನು ಅವಳನ್ನು ಸಿಕ್ಕಿಸಬೇಕೆಂದಿದ್ದೆ, ಅದು ಮೇಕಿಗೂ ಹೋಗುತ್ತದೆ, ಹ್ಯಾವಿಗೂ ಹೋಗುತ್ತದೆ. "ಅದ್ಯಾವ ಕಷ್ಟ? ಒಲೆ ಮುಂದೆ ಕುಂತೋಳು ಮೇಕ್ ಮನೆಯೋಳು, ತಟ್ಟೆ ಮುಂದೆ ಕುಂತೋನು ಹ್ಯಾವ್ ಮನೆಯೋನು. ನಮ್ಮನ್ಯಾಗೂ ಹಂಗೇ ಐತಲ್ಲ" ಎಂದು ನನ್ನ ತಟ್ಟೆಯ ಕಡೆ ನೋಡಿದಳು.

ನಾನು ಸುಲಭಕ್ಕೆ ಸೋಲುವವನಲ್ಲ. "ಅಲ್ಲವ್ವ, ಪ್ರಾಮಿಸ್ ಅಂದ್ರೆ ಮಾತು ಕೊಡೋದು. ಅದು ಗಿವ್ ಮನೆಗೇ ಅಲ್ವಾ ಹೋಗಬೇಕಿತ್ತು?" ಎಂದು ತರ್ಕ ಹೂಡಿದೆ.

"ಲೇ, ನೀನು ಎಲೆ ಹಾಕ್ಕಂತೀನಿ ಅಂತೀಯೋ, ಎಲೆ ತಿಂತೀನಿ ಅಂತೀಯೋ?"

"ಹಾಕ್ಕಂತೀನಿ."

"ಯಾಕೆ? ಬಾಯಾಗೆ ಅಗಿಯೋದಲ್ವಾ? ತಿಂತೀನಿ ಅಂದ್ರೆ ಆಡಿಗೂ ನಿನಗೂ ಏನು ವ್ಯತ್ಯಾಸ? ಕಾರಣ ಕೇಳೋನಿಗೆ ಹೆಣ್ಣು ಸಿಗಲ್ಲ, ತಿಳ್ಕ."

ಮಂಗಳ ಹಲ್ಲಲ್ಲಿ ದಾರ ಕಡಿಯುತ್ತ ಸೇರಿಸಿದಳು: "ಸೀರೆ ಉಡ್ತೀವಿ, ರವಿಕೆ ತೊಡ್ತೀವಿ, ಹೂ ಮುಡಿತೀವಿ, ಕುಂಕುಮ ಇಡ್ತೀವಿ. ಒಂದೇ ಮೈಯಿಗೆ ನಮ್ಮೋರು ನಾಕು ಬೆಡಗು ಇಟ್ಟವ್ರೆ. ರವಿಕೆ ಉಡ್ತೀನಿ ಅಂದೋಳಿಗೆ ನಾನು ಹೊಲಿದೇ ಕೊಡಲ್ಲ. ಹಂಗೇ ಅಲ್ವಾ ಅವರೂ?" ನಾನು ಹತ್ತೊಂಬತ್ತು ವರ್ಷ ಇಂಗ್ಲಿಷಿನಲ್ಲಿ ಹುಡುಕಿ ಸಿಗದೆ ಸ್ವಂತ ಖರ್ಚಿನಲ್ಲಿ ಕಟ್ಟಿದ ನಿಯಮವನ್ನು ಇವರಿಬ್ಬರೂ ಅರ್ಧ ಗಂಟೆಯಲ್ಲಿ ಬಿಚ್ಚಿ, ಹೊಲಿಗೆ ಉಳಿಯದಂತೆ ಮಡಿಸಿಟ್ಟರು.

ಪರೀಕ್ಷೆ ಬಂತು. ಇಂಗ್ಲಿಷ್ ಹೋದ ಹುಡುಗರ ನಡುವೆ ಮಂಗಳ ಕೂತು ಬರೆದು ಬಂದಳು. ಪ್ರಬಂಧಕ್ಕೆ ನನ್ನ ದಿನಚರಿ ಎಂಬ ವಿಷಯ ಬಂದಿತ್ತಂತೆ. "ಬೆಳಿಗ್ಗೆ ಎದ್ದಲ್ಲಿಂದ ಐದೂ ಮನೆಗೆ ಹೋಗಿ ಬಂದೆ ಅತ್ತೆ, ಒಂದನ್ನೂ ಬಿಡಲಿಲ್ಲ" ಎಂದಳು. ಅವ್ವ ಅವಳಿಗೆ ದೃಷ್ಟಿ ತೆಗೆದಳು. ನನಗೂ ಒಂದು ಲೋಟ ಕಾಫಿ ಸಿಕ್ಕಿತು. ಮೂರು ವಾರ ಮನೆ ಶಾಂತವಾಗಿತ್ತು.

ಆಮೇಲೆ ಒಂದು ಭಾನುವಾರ ಚಂದ್ರಪ್ಪ ಬಂದ. ನನ್ನ ಮೊದಮೊದಲ ಶಿಷ್ಯರಲ್ಲೊಬ್ಬ, ಈಗ ಹೊಸದುರ್ಗದ ಕಡೆ ಹೈಸ್ಕೂಲೊಂದರಲ್ಲಿ ತಾನೂ ಇಂಗ್ಲಿಷ್ ಮೇಷ್ಟ್ರು. ಕಾಲಿಗೆ ಬಿದ್ದ. ಇಂಥ ಸಂದರ್ಭದಲ್ಲಿ ಮೇಷ್ಟ್ರಾದವನ ಮುಖದಲ್ಲಿ ಮೂಡುವ ಗಾಂಭೀರ್ಯ ನನ್ನ ಮುಖದಲ್ಲೂ ಮೂಡಿತು.

"ಸಾರ್, ನಿಮ್ಮ ಸೂತ್ರ ಇಲ್ದಿದ್ರೆ ನಾನು ಈ ಕೆಲಸದಾಗೆ ಇರ್ತಿರಲಿಲ್ಲ. ಕೈಯಿಂದ ಮೇಕ್, ಮೈಯಿಂದ ಡೂ. ನನ್ನ ಹುಡುಗ್ರಿಗೂ ಅದೇ ಹೇಳ್ಕೊಡ್ತಿದೀನಿ."

ಗಾಂಭೀರ್ಯ ಇಳಿಯಿತು. ಆದರೆ ಅವನು ನಿಲ್ಲಲಿಲ್ಲ.

"ಈಗ ಮರುಪರೀಕ್ಷೆ ಪೇಪರು ನೋಡೋಕೆ ಹೋಗಿದ್ದೆ ಸಾರ್. ಖಾಲಿ ಜಾಗ ತುಂಬೋದಕ್ಕಾದ್ರೆ ಉತ್ತರ ಬೋರ್ಡಿನೋರೇ ಕೊಟ್ಟಿರ್ತಾರೆ. ಆ ಉತ್ತರದಾಗೂ ತಪ್ಪಿದ್ವು, ಇರಲಿ ಬಿಡಿ. ಪ್ರಬಂಧ ಮಾತ್ರ ನಮ್ಮ ಕೈಯಾಗಿರ್ತತೆ ನೋಡ್ರಿ. ಒಂದು ಪೇಪರಿನಾಗೆ ಪ್ರಬಂಧದ ತುಂಬ ಬರೀ ಡೂ ಹೋಮ್‌ವರ್ಕು, ಮೇಕ್ ಮಿಸ್ಟೇಕು. ನಿಮ್ಮ ಶಿಷ್ಯ ಆಗಿ ಬಿಡ್ತೀನಾ? ಒಂದೊಂದಕ್ಕೂ ಅಂಕ ಕಡಿದೆ."

ನಡುಮನೆಯ ಬಾಗಿಲಲ್ಲಿ ಮಂಗಳ ಟೀ ಲೋಟ ಹಿಡಿದು ನಿಂತಿದ್ದಳು. ಅವಳು ಕೇಳಿದ ದನಿ ಬಹಳ ಮೃದುವಾಗಿತ್ತು, ಅದಕ್ಕೇ ನನಗೆ ಹೆದರಿಕೆಯಾಯಿತು.

"ಆ ಪ್ರಬಂಧ ಏನಪ್ಪ ಇತ್ತು?"

"ನನ್ನ ದಿನಚರಿ ಅಂತಮ್ಮ."

"ಊರು ಗೊತ್ತಾಗ್ತತಾ?"

"ಇಲ್ಲಮ್ಮ, ಬರೀ ನಂಬರು."

"ಅಕ್ಷರ ಹೆಂಗಿದ್ವು?"

"ದುಂಡಗಿದ್ವಮ್ಮ. ಹೆಣ್ಣುಮಕ್ಕಳ ಕೈ ಇದ್ದಂಗಿತ್ತು. ಬೆಳಿಗ್ಗೆ ಎದ್ದು ಮುದ್ದೆ ಮಾಡ್ತೀನಿ, ಹೊಲೀತೀನಿ ಅಂತೆಲ್ಲ ಬರೆದಿದ್ರು."

ಮಂಗಳ ಲೋಟವನ್ನು ಅವನ ಮುಂದಿಟ್ಟಳು. "ಕುಡೀರಿ, ಆರ್ತತೆ" ಎಂದು ಒಳಗೆ ಹೋದಳು. ಚಂದ್ರಪ್ಪ ಟೀಯನ್ನು ಹೊಗಳಿದ. ಅವನಿಗೆ ಸತ್ಯ ಹೇಳಲು ನಾನು ಮೂರು ಸಲ ಬಾಯಿ ತೆರೆದೆ. ಪ್ರತಿ ಸಲವೂ ಅವನು ಸೂತ್ರದ ಒಂದೊಂದು ಹೊಸ ಗುಣ ವರ್ಣಿಸಿದ. ಹೊಗಳಿಕೆಯ ನಡುವೆ ಸತ್ಯ ಹೇಳುವ ಶಕ್ತಿಯನ್ನು ದೇವರು ಮೇಷ್ಟ್ರುಗಳಿಗೆ ಕೊಟ್ಟಿಲ್ಲ. ಹೋಗುವಾಗ ಮತ್ತೆ ಕಾಲಿಗೆ ಬಿದ್ದ. ಕಾಲನ್ನು ಹಿಂದೆ ಎಳೆದುಕೊಳ್ಳಲೂ ಆಗಲಿಲ್ಲ.

ಫಲಿತಾಂಶದ ತನಕದ ದಿನಗಳನ್ನು ನಾನು ವರ್ಣಿಸುವುದಿಲ್ಲ. ಹೆಂಡತಿ ಜಗಳವಾಡದೆ ಹೊತ್ತು ಹೊತ್ತಿಗೆ ಊಟಕ್ಕೆ ಬಡಿಸುವ ಮನೆಯಲ್ಲಿ ಇದ್ದವರಿಗೆ ಅದು ತಿಳಿಯುತ್ತದೆ. ಕೇಂದ್ರದ ಮುಂದೆ ಆ ಫಸ್ಟ್ ಕ್ಲಾಸಿನಾಕೆ ಎರಡು ಸಲ ಕಾಣಿಸಿಕೊಂಡಳೆಂದು ಸುದ್ದಿ ಬಂತು. ಕೊನೆಗೊಂದು ಬೆಳಿಗ್ಗೆ ಪೇಪರಿನಲ್ಲಿ ನಂಬರುಗಳು ಬಂದವು. ನನ್ನ ಕಣ್ಣಿಗೆ ಸಾಲುಗಳೆಲ್ಲ ಕಲಸಿಕೊಂಡವು. ಮಂಗಳ ತಾನೇ ಪೇಪರು ಕಿತ್ತುಕೊಂಡು, ದಾರ ಪೋಣಿಸುವ ಕಣ್ಣಿನಿಂದ ನೋಡಿ, ಬೆರಳಿಟ್ಟಳು. ನಂಬರಿತ್ತು. ಅವ್ವ ನನ್ನ ಕಡೆ ನೋಡದೆ ಸೊಸೆಯ ಬಾಯಿಗೆ ಬೆಲ್ಲ ಹಾಕಿದಳು. ಆಮೇಲೆ ಬಂದ ಮಾರ್ಕ್ಸ್ ಕಾರ್ಡಿನಲ್ಲಿ ಇಂಗ್ಲಿಷಿನ ಮುಂದೆ ನಲವತ್ತೆಂಟು ಇತ್ತು. "ಐವತ್ತು ದಾಟ್ತಿತ್ತು. ಉಳಿದದ್ದು ನಿಮ್ಮ ಶಿಷ್ಯನ ಹತ್ರ ಐತೆ" ಎಂದಳು ಹೊಲಿಗೆ ಮೇಡಂ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆಯನ್ನು ಯಾರಿಗೂ ಹೇಳುತ್ತಿರಲಿಲ್ಲ. ಹೊಲಿಗೆ ಕೇಂದ್ರದಲ್ಲಿ ಅವಳ ಕೈಕೆಳಗೆ ಕಲಿಯಲು ಬಂದ ಹುಡುಗಿಯರಲ್ಲಿ ಇಂಗ್ಲಿಷ್ ಹೋದವರೇ ಹೆಚ್ಚು. ಅವರಿಗೂ ಗುಂಡಿಯ ತೂತಿಗೆ ಕಾಜಾ ಹಾಕುವ ಹೊತ್ತಿನಲ್ಲಿ ಬೆಡಗಿನ ಪಾಠ ನಡೆಯತೊಡಗಿತು. ಮುಂದಿನ ಪರೀಕ್ಷೆ ಹತ್ತಿರ ಬಂದಾಗ ಮಂಗಳ ಒಂದು ಸಂಜೆ ಕಾಗದ, ಪೆನ್ನು ತಂದು ನನ್ನ ಮುಂದಿಟ್ಟಳು. "ಆ ಚಂದ್ರಪ್ಪ ಮತ್ತೆ ಪೇಪರು ನೋಡೋಕೆ ಹೋಗ್ತಾನೆ. ನನ್ನ ಹುಡುಗೇರು ಬರೀತಾರೆ. ಅವನಿಗೆ ನಿಜ ಬರೀರಿ" ಎಂದಳು. ಬರೆದೆ. ಗುರುವಿನ ಮಾತಿಗೆ ತೂಕ ಬರಲೆಂದು ಇಂಗ್ಲಿಷಿನಲ್ಲೇ ಬರೆದೆ. ನಾನು ತಪ್ಪು ಮಾಡಿದೆ, ಸೂತ್ರವನ್ನು ಕೈಬಿಡು ಎಂದು ಒಂದು ಪುಟ. ಯಾವುದಕ್ಕೂ ಇರಲಿ ಎಂದು ಅಂಚೆಗೆ ಹಾಕುವ ಮುಂಚೆ ಅವ್ವನಿಗೆ ಓದಿ ಹೇಳಿದೆ. ಒಂದೊಂದು ಪದವೂ ಅದರದರ ಮನೆಯಲ್ಲೇ ಇದೆ ಎಂದು ಅವ್ವ ಒಪ್ಪಿದ ಮೇಲೆಯೇ ಹಾಕಿದೆ.

ವಾರದೊಳಗೆ ಉತ್ತರ ಬಂತು. ಬಿಡಿಸಿ ನೋಡಿದರೆ ಅದು ನನ್ನದೇ ಕಾಗದ. ಐ ಮೇಡ್ ಎ ಮಿಸ್ಟೇಕ್ ಎಂದಿದ್ದಲ್ಲಿ ಮೇಡ್ ಹೊಡೆದು ಕೆಂಪು ಶಾಯಿಯಲ್ಲಿ ಡಿಡ್ ಎಂದು ತಿದ್ದಿತ್ತು. ಇನ್ನೂ ಮೂರು ಕಡೆ ಕೆಂಪು ಸುತ್ತು. ಕೆಳಗೆ ಕನ್ನಡದಲ್ಲಿ, ದುಂಡಗೆ: "ಪೂಜ್ಯ ಗುರುಗಳ ಪಾದಾರವಿಂದಗಳಿಗೆ ನಮಸ್ಕಾರಗಳು. ಬೇಕೆಂದೇ ನಾಲ್ಕು ತಪ್ಪಿಟ್ಟು ಶಿಷ್ಯನನ್ನು ಪರೀಕ್ಷಿಸಿದ್ದೀರಿ, ನಾಲ್ಕನ್ನೂ ಹಿಡಿದಿದ್ದೇನೆ. ತಾವು ಕಲಿಸಿದ್ದು ಸುಳ್ಳೆಂದು ತಾವೇ ಹೇಳಿದರೂ ನಂಬುವವನು ನಾನಲ್ಲ." ಬಲಗಡೆಯ ಮೂಲೆಯಲ್ಲಿ, ಅಭ್ಯಾಸಬಲದಿಂದ ಇರಬೇಕು, ಹತ್ತಕ್ಕೆ ಆರು ಎಂದು ಅಂಕ ಹಾಕಿ ಸಹಿ ಮಾಡಿದ್ದ.

ಕಾಗದವನ್ನು ಮಂಗಳಳಿಗೆ ತೋರಿಸಿದೆ. ಅವಳು ಓದಿ, ಮಡಿಸಿ, ನನ್ನ ಜೇಬಿಗೇ ಇಟ್ಟಳು.

"ಪಾಸಾಗಿದೀರಲ್ಲ, ಬಿಡ್ರಿ. ನಾಳೆ ಹೊಸದುರ್ಗದ ಬಸ್ಸಿಗೆ ಹೋಗಿ ಎದುರಾಎದುರೇ ಹೇಳಿ ಬರ್ರಿ. ಹೋಗುವಾಗ ಅತ್ತೇನ ಕರ್ಕಂಡು ಹೋಗ್ರಿ. ನೀವು ಹೇಳಿದ್ರೆ ಅವನು ನಂಬಲ್ಲ."